ಅರ್ತಿಂಗ್ 4 ಓಮ್ ಬಂದಿದೆ, ಆದರೂ ಎಂಸಿಬಿ ಬೀಳುವುದಿಲ್ಲವಂತೆ: ಲೂಪ್ ಇಂಪಿಡೆನ್ಸ್ ಲೆಕ್ಕ ಹೇಗೆ?

ಬೆಟಗೇರಿ ಹೊಸಮನೆ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಜಾಗ ಪೂರ್ತಿ ಎರೆ ಮಣ್ಣು. ವೈರಿಂಗ್ ಮುಗಿಯುತ್ತಾ ಬಂದಿದೆ. ಹಿಂದೆ ಅಂಗಳದಲ್ಲಿ ತಗ್ಗು ತೋಡಿ, ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿದ್ದಾರೆ. ಅರ್ತ್ ಮೆಗ್ಗರ್ ತಂದು ಅಳೆದಾಗ 4 ಓಮ್ ಬಂತು. "ಇದಕ್ಕಿಂತ ಚಲೋ ಅರ್ತಿಂಗ್ ಬೇಕೇನ್ರಿ" ಅಂದರು ವೈರಿಂಗ್‌ನವರು. ಪ್ಲಗ್ ಪಾಯಿಂಟ್‌ಗಳಿಗೆ, ಗೀಸರ್‌ಗೆ 16 ಆಂಪಿಯರ್ ಸಿ ಕರ್ವ್ ಎಂಸಿಬಿ (ಕರೆಂಟ್ ಮಿತಿ ದಾಟಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ಹಾಕಿದ್ದಾರೆ. ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್) ಹಾಕಿ ಅಂದರೆ, ಅದು ಸುಮ್ನೆ ಖರ್ಚು, ಮಳೆ ಬಂದಾಗಲೆಲ್ಲ ಬೀಳುತ್ತದೆ, ಆಮೇಲೆ ನೀವೇ ತೆಗೆಸುತ್ತೀರಿ ಅಂದರು.

ನಮ್ಮ ಅಳಿಯ ಪವರ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾನೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವನು ಕೇಳಿದ್ದು ಒಂದೇ ಮಾತು: "ಮಾವಾರ, ಲೂಪ್ ಇಂಪಿಡೆನ್ಸ್ ಎಷ್ಟು? ಆ 4 ಓಮ್ ಮೇಲೆ ಎಂಸಿಬಿ ಬೀಳೋದಿಲ್ಲ." ಅಷ್ಟು ಹೇಳಿ ಶಿಫ್ಟ್‌ಗೆ ಹೋದ. 4 ಓಮ್ ಒಳ್ಳೆಯ ಅರ್ತಿಂಗ್ ಅಲ್ವಾ? ಯಾರಾದರೂ ಬಿಡಿಸಿ ಹೇಳಿ. ಗಾರೆ ಮುಗಿಯುವುದರೊಳಗೆ ಏನು ಬದಲಿಸಬೇಕೋ ಬದಲಿಸುತ್ತೇನೆ.

ವಿದ್ಯಾನಗರ ವೈರ್‌ಮನ್

ಸರ್, ನಿಮ್ಮ ಅಳಿಯ ಕೇಳಿದ್ದು ಸರಿ. ತಗ್ಗಿನ ಮಟ್ಟಿಗೆ 4 ಓಮ್ ಬಹಳ ಚಲೋ. ಆದರೆ ಅದು ತಗ್ಗಿನ ಲೆಕ್ಕ ಮಾತ್ರ, ಕರೆಂಟ್ ಸುತ್ತಿ ಬರುವ ಪೂರ್ತಿ ದಾರಿಯದ್ದಲ್ಲ.

ಗೀಸರ್ ಒಳಗೆ ಫೇಸ್ ವೈರ್ ಸುಲಿದು ಬಾಡಿಗೆ ತಾಗಿತು ಅಂತಿಟ್ಟುಕೊಳ್ಳಿ. ಕರೆಂಟ್ ಹೊರಡುವುದು ಓಣಿಯ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ. ಕಂಬದ ಮೇಲಿನ ಫೇಸ್ ತಂತಿ, ಸರ್ವಿಸ್ ವೈರ್, ಮೀಟರ್, ಎಂಸಿಬಿ ದಾಟಿ ಗೀಸರ್ ಬಾಡಿಗೆ ಬರುತ್ತದೆ. ಅಲ್ಲಿಂದ ಹಸಿರು ವೈರ್ ಹಿಡಿದು ನಿಮ್ಮ ತಗ್ಗಿಗೆ ಹೋಗುತ್ತದೆ. ತಗ್ಗಿನಿಂದ ಮಣ್ಣಿಗೆ ಇಳಿದು, ಟಿಸಿ ಬುಡದಲ್ಲಿರುವ ಅರ್ತಿಂಗ್ ಮೂಲಕ ಮೇಲೆ ಹತ್ತಿ, ಟಿಸಿಯ ನ್ಯೂಟ್ರಲ್ ಸೇರಬೇಕು. ಆಗ ಸುತ್ತು ಮುಗಿಯುತ್ತದೆ. ಈ ಪೂರ್ತಿ ಸುತ್ತಿನ ಅಡ್ಡಿಯೇ ಅರ್ತ್ ಫಾಲ್ಟ್ ಲೂಪ್ ಇಂಪಿಡೆನ್ಸ್.

ಈಗ ಒಂದೊಂದಾಗಿ ಕೂಡಿಸೋಣ. ಟಿಸಿ 100 ಕೆವಿಎ ಅಂತ ಹಿಡಿಯುತ್ತೇನೆ. ಅದರ ಇಂಪಿಡೆನ್ಸ್ 4.5 ಪರ್ಸೆಂಟ್, ಅಂದರೆ 433 ವೋಲ್ಟ್ ಕಡೆಯಿಂದ ನೋಡಿದರೆ ಒಂದು ಫೇಸಿಗೆ ಸುಮಾರು 0.08 ಓಮ್. ಟಿಸಿಯಿಂದ ನಿಮ್ಮ ಕಂಬಕ್ಕೆ 300 ಮೀಟರ್ ದೂರ ಇದೆ, ತಂತಿ ಕಿಲೋಮೀಟರ್‌ಗೆ 0.9 ಓಮ್‌ನದು ಅಂದರೆ 0.27. ಮನೆಯೊಳಗಿನ ಫೇಸ್ ವೈರ್, ಹಸಿರು ವೈರ್ ಸೇರಿ 0.5. ತಾಮ್ರ, ಅಲ್ಯೂಮಿನಿಯಂ ಎಲ್ಲ ಸೇರಿದರೂ ಒಂದು ಓಮ್ ಆಗಲಿಲ್ಲ. ಇನ್ನು ಮಣ್ಣಿನ ಭಾಗ. ನಿಮ್ಮ ತಗ್ಗು 4, ಟಿಸಿಯ ಅರ್ತಿಂಗ್ 5 ಅಂತ ಹಿಡಿದರೆ 9. ಒಟ್ಟು 9.85 ಓಮ್.

230 ಭಾಗಿಸು 9.85 ಅಂದರೆ 23 ಆಂಪಿಯರ್ ಚಿಲ್ಲರೆ. ಬಾಡಿಗೆ ಫೇಸ್ ಪೂರ್ತಿ ತಾಗಿದಾಗಲೂ ಹರಿಯುವುದು ಇಷ್ಟೇ.

ಇದನ್ನು ಎಂಸಿಬಿ ಹೇಗೆ ನೋಡುತ್ತದೆ? ಎಂಸಿಬಿ ಒಳಗೆ ಎರಡು ಕೈ ಇವೆ. ಒಂದು ಕಾಯಿಲ್, ಭಾರಿ ಕರೆಂಟ್ ಬಂದರೆ ತಕ್ಷಣ ಬೀಳಿಸುತ್ತದೆ. ಇನ್ನೊಂದು ಬೈಮೆಟಲ್ ಪಟ್ಟಿ, ಕಾದು ಬಾಗಿ ನಿಧಾನಕ್ಕೆ ಬೀಳಿಸುತ್ತದೆ. ಸಿ ಕರ್ವ್‌ನಲ್ಲಿ ಕಾಯಿಲ್ ಎಳೆಯುವುದು ರೇಟಿಂಗ್‌ನ 5 ರಿಂದ 10 ಪಟ್ಟಿಗೆ. ನಮ್ಮ ಕೈಗೆ ಬಂದ ಪೀಸ್ 5 ಕ್ಕೆ ಬೀಳುತ್ತದೋ 10 ಕ್ಕೋ ಹೇಳಲು ಬರುವುದಿಲ್ಲ, ಅದಕ್ಕೇ 10 ಹಿಡಿಯಬೇಕು. 16 ಆಂಪಿಯರ್‌ಗೆ 160 ಆಂಪಿಯರ್. ಅಷ್ಟು ಹರಿಯಬೇಕಾದರೆ ಲೂಪ್ 230 ÷ 160, ಅಂದರೆ 1.44 ಓಮ್ ಒಳಗಿರಬೇಕು. ನಿಮ್ಮದು 9.85.

ಹಾಗಾಗಿ ಕೆಲಸ ಬೈಮೆಟಲ್ ಮೇಲೆ ಬಿತ್ತು. 23 ಆಂಪಿಯರ್ ಅಂದರೆ 16 ರ 1.45 ಪಟ್ಟು. ಮನೆಗೆ ಹಾಕುವ ಎಂಸಿಬಿಯ ಐಎಸ್/ಐಇಸಿ 60898 ಪ್ರಕಾರ 1.45 ಪಟ್ಟು ಕರೆಂಟ್‌ಗೆ ಅದು ಒಂದು ತಾಸಿನೊಳಗೆ ಬಿದ್ದರೆ ಪಾಸು. ಒಂದು ತಾಸು, ಸರ್. ಅಷ್ಟೂ ಹೊತ್ತು ಗೀಸರ್ ಬಾಡಿ, ಅದಕ್ಕೆ ಕೂಡಿದ ನಲ್ಲಿ, ಅದೇ ಹಸಿರು ವೈರ್‌ಗೆ ಸೇರಿದ ಫ್ರಿಜ್, ವಾಷಿಂಗ್ ಮಷಿನ್, ಎಲ್ಲದರ ಮೇಲೂ 23 × 4, ಅಂದರೆ 90 ವೋಲ್ಟ್ ದಾಟಿ ನಿಂತಿರುತ್ತದೆ. ಬರಿಗಾಲು, ಒದ್ದೆ ಮೈ. ದೇಹದ ರೆಸಿಸ್ಟೆನ್ಸ್ 1000 ಓಮ್ ಹಿಡಿದರೂ 90 ಮಿಲಿ ಆಂಪಿಯರ್ ಆಯಿತು. ಜೀವ ತೆಗೆಯಲು ಅಷ್ಟು ಸಾಕು.

ನಿಮ್ಮ ವೈರಿಂಗ್‌ನವರ ಕೆಲಸದಲ್ಲಿ ತಪ್ಪು ಹುಡುಕುತ್ತಿಲ್ಲ. ಅವರು ತಗ್ಗು ಚಲೋ ಮಾಡಿದ್ದಾರೆ. ಆದರೆ ಸ್ವಂತ ತಗ್ಗಿನ ಮೇಲೆ ನಿಂತ ಮನೆಗೆ, ಅಂದರೆ ಟಿಟಿ ಪದ್ಧತಿಗೆ, ಎಂಸಿಬಿ ಒಂದೇ ಎಂದೂ ಸಾಲದು. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಲೇಬೇಕು. ಅದಕ್ಕೆ 23 ಆಂಪಿಯರ್ ಎಲ್ಲಿ, 30 ಮಿಲಿ ಎಲ್ಲಿ! 40 ಮಿಲಿ ಸೆಕೆಂಡ್ ಒಳಗೆ ಕಡಿದುಬಿಡುತ್ತದೆ.

ಧಾರವಾಡ ಐಟಿಐ

ಸರ್, ನಾನು ಎಲೆಕ್ಟ್ರಿಷಿಯನ್ ಟ್ರೇಡ್, ಎರಡನೇ ವರ್ಷ. ಮನೆಯೊಳಗಿನ ವೈರಿಂಗ್‌ಗೆ 0.5 ಓಮ್ ಅಂತ ಹಿಡಿದಿರಲ್ಲ, ಅದು ಹೇಗೆ ಬಂತು? ಕ್ಲಾಸಿನಲ್ಲಿ ಸೂತ್ರ ಬರೆಸಿದ್ದಾರೆ, ಝಡ್‌ಎಸ್ = ಝಡ್‌ಇ + ಆರ್1 + ಆರ್2 ಅಂತ. ಪರೀಕ್ಷೆಗೆ ಬಾಯಿಪಾಠ ಆಗಿದೆ. ಲೆಕ್ಕಕ್ಕೆ ಕೂತರೆ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ.

ವಿದ್ಯಾನಗರ ವೈರ್‌ಮನ್

ತಮ್ಮಾ, ಒಳ್ಳೆಯ ಪ್ರಶ್ನೆ. ಮನೆಯ ಮೇನ್ ಬೋರ್ಡ್ ಅನ್ನು ಗಡಿ ಅಂತ ಇಟ್ಟುಕೊ. ಬೋರ್ಡ್‌ನಿಂದ ಆಚೆ ಇರುವ ಸುತ್ತೆಲ್ಲ ಝಡ್‌ಇ. ಬೋರ್ಡ್‌ನಿಂದ ಪ್ಲಗ್ ತನಕ ಹೋಗುವ ಫೇಸ್ ವೈರ್ ಆರ್1, ಅಲ್ಲಿಂದ ಬೋರ್ಡಿಗೆ ಮರಳುವ ಹಸಿರು ವೈರ್ ಆರ್2. ಮೂರೂ ಕೂಡಿದರೆ ಪೂರ್ತಿ ಲೂಪ್, ಅದೇ ಝಡ್‌ಎಸ್.

ಈ ಅಂಕಿಗಳನ್ನು ವಹಿಯಲ್ಲಿ ಬರೆದಿಟ್ಟುಕೊ. 20 ಡಿಗ್ರಿಯಲ್ಲಿ ತಾಮ್ರದ ವೈರ್ ಒಂದು ಮೀಟರ್‌ಗೆ: 1 ಸ್ಕ್ವೇರ್ ಎಂಎಂ 18.1 ಮಿಲಿ ಓಮ್, 1.5 ಕ್ಕೆ 12.1, 2.5 ಕ್ಕೆ 7.41, 4 ಕ್ಕೆ 4.61, 6 ಕ್ಕೆ 3.08. ಮನೆಗೆ ಎಳೆಯುವ ಸಣ್ಣ ಎಳೆಗಳ ವೈರ್‌ನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ, 2.5 ಕ್ಕೆ 7.98.

ಬೋರ್ಡ್‌ನಿಂದ ಗೀಸರ್ ಪಾಯಿಂಟ್ 22 ಮೀಟರ್. ಫೇಸ್ 2.5, ಹಸಿರು 1.5. ಎರಡೂ ಕೂಡಿಸಿದರೆ ಮೀಟರ್‌ಗೆ 19.51 ಮಿಲಿ ಓಮ್. 22 ರಿಂದ ಗುಣಿಸು, 0.43 ಓಮ್. ಆದರೆ ಇದು ತಣ್ಣಗಿನ ವೈರ್ ಲೆಕ್ಕ. ಲೋಡ್ ಮೇಲಿದ್ದಾಗ ಪಿವಿಸಿ ವೈರ್ 70 ಡಿಗ್ರಿ ತನಕ ಕಾಯಬಹುದು. ತಾಮ್ರ ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರುತ್ತದೆ. 50 ಡಿಗ್ರಿಗೆ 20 ಪರ್ಸೆಂಟ್. 0.43 × 1.2 ಅಂದರೆ 0.515. ನಾನು 0.5 ಅಂತ ಹಿಡಿದದ್ದು ಇದನ್ನೇ.

ಬಹಳ ಮಂದಿ 1.2 ರಿಂದ ಗುಣಿಸುವುದನ್ನು ಬಿಟ್ಟುಬಿಡುತ್ತಾರೆ. ಸಣ್ಣ ಮನೆಯಲ್ಲಿ ನಡೆದೀತು. ಲೈನ್ ಉದ್ದ ಆದಾಗ ಪಾಸು ಫೇಲು ಅದರ ಮೇಲೇ ನಿಲ್ಲುತ್ತದೆ.

ಗೋಕುಲ ರೋಡ್ ಮೇಂಟೆನೆನ್ಸ್

ಆ ಉದ್ದ ಲೈನಿನ ಮಾತಿಗೆ ನಮ್ಮ ಶೆಡ್‌ನ ಲೆಕ್ಕ ಕೊಡುತ್ತೇನೆ. ನಮ್ಮದು ಸಣ್ಣ ಫ್ಯಾಕ್ಟರಿ, ಟ್ರಾನ್ಸ್‌ಫಾರ್ಮರ್ ಸ್ವಂತದ್ದು. ಹಾಗಾಗಿ ನಮ್ಮಲ್ಲಿ ಫಾಲ್ಟ್ ಕರೆಂಟ್ ಮಣ್ಣನ್ನು ನಂಬಿಕೊಂಡಿಲ್ಲ. ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನಿಂದ ಪ್ಯಾನೆಲ್ ತನಕ ಅರ್ತ್ ಪಟ್ಟಿ ಬಂದಿದೆ, ಫಾಲ್ಟ್ ಆದರೆ ಲೋಹದ ದಾರಿಯಲ್ಲೇ ಮರಳುತ್ತದೆ. ಇದು ಟಿಎನ್-ಎಸ್. ಪ್ಯಾನೆಲ್‌ನಲ್ಲಿ ಲೂಪ್ ಅಳೆದರೆ 0.2 ಓಮ್.

ಶೆಡ್ಡಿನ ಕೊನೆಗೆ ಒಂದು ಡ್ರಿಲ್ಲಿಂಗ್ ಮಷಿನ್ ಇಡಬೇಕಿತ್ತು. ಪ್ಯಾನೆಲ್‌ನಿಂದ 60 ಮೀಟರ್. ಎಂಸಿಬಿ ಸಿ 20. ಮೊದಲು 2.5 ಫೇಸ್, 1.5 ಅರ್ತ್ ಎಳೆಯುವುದು ಅಂತ ಇತ್ತು. 60 × 19.51 ಅಂದರೆ 1.17, ಕಾದ ಮೇಲೆ 1.4. ಪ್ಯಾನೆಲ್‌ನ 0.2 ಸೇರಿ 1.6 ಓಮ್. 230 ಭಾಗಿಸಿದರೆ 143 ಆಂಪಿಯರ್. ಸಿ 20 ಕ್ಕೆ 200 ಬೇಕು. ಫೇಲ್.

ವೈರ್ ದಪ್ಪ ಮಾಡಿ 4 ಫೇಸ್, 2.5 ಅರ್ತ್ ಹಿಡಿದೆವು. 60 × 12.02 = 0.72, ಕಾದ ಮೇಲೆ 0.865, ಒಟ್ಟು 1.065. ಕರೆಂಟ್ 216 ಆಂಪಿಯರ್. ಪಾಸ್. ಅದನ್ನೇ ಎಳೆದೆವು.

ಬಿ ಕರ್ವ್ ಹಾಕಿದ್ದರೆ ಹಳೆಯ ವೈರ್‌ನಲ್ಲೇ ಆಗುತ್ತಿತ್ತು. ಬಿ ಬೀಳುವುದು 3 ರಿಂದ 5 ಪಟ್ಟಿಗೆ, ಅಂದರೆ ಬಿ 20 ಕ್ಕೆ 100 ಆಂಪಿಯರ್ ಸಾಕು. ಆದರೆ ಮೋಟರ್ ಶುರುವಾಗುವಾಗ ಎಳೆಯುವ ಕರೆಂಟ್‌ಗೆ ಬಿ ಸುಮ್ಮನೆ ಬೀಳುತ್ತದೆ. ಮೋಟರ್ ಬಿದ್ದುಬಿದ್ದು ಬೇಸತ್ತು ಯಾರೋ ಡಿ ಕರ್ವ್ ತಂದು ಹಾಕುತ್ತಾರೆ. ಡಿ ಗೆ 20 ಪಟ್ಟು ಹಿಡಿಯಬೇಕು, 400 ಆಂಪಿಯರ್. ಲೂಪ್ 0.57 ಒಳಗಿರಬೇಕು. ಆ 60 ಮೀಟರ್ ಲೈನಿನಲ್ಲಿ ಅದು ಆಗದ ಮಾತು. ಎಂಸಿಬಿ ಬದಲಿಸುವವರು ಆಂಪಿಯರ್ ಜೊತೆ ಕರ್ವ್ ಕೂಡ ನೋಡಿ. ಹಳೆಯ ಪೀಸ್ ಮೇಲಿನ ಅಕ್ಷರವನ್ನು ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ಲಕ್ಷ್ಮೇಶ್ವರ ಕಾಂಟ್ರಾಕ್ಟ್

ಇಷ್ಟೆಲ್ಲ ಲೆಕ್ಕ ಮಾಡುತ್ತಾ ಕೂತರೆ ಮನೆ ವೈರಿಂಗ್ ಯಾವಾಗ ಮುಗಿಯಬೇಕು? ನಾವು ಮೊದಲಿನಿಂದಲೂ 100 ವ್ಯಾಟ್ ಬಲ್ಬ್ ಹಿಡಿದು ನೋಡುತ್ತೇವೆ. ಒಂದು ವೈರ್ ಫೇಸಿಗೆ, ಇನ್ನೊಂದು ಅರ್ತ್‌ಗೆ. ಬಲ್ಬ್ ಝಗ್ ಅಂತ ಉರಿದರೆ ಅರ್ತಿಂಗ್ ಚಲೋ, ಮಂಕಾದರೆ ತಗ್ಗಿಗೆ ನೀರು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಬೆಟಗೇರಿ ಅಣ್ಣಾರು ಸುಮ್ಮನೆ ಹೆದರಬೇಡಿ.

ವಿದ್ಯಾನಗರ ವೈರ್‌ಮನ್

ಅಣ್ಣಾ, ಬಲ್ಬ್ ಲೆಕ್ಕವನ್ನೇ ಮಾಡಿ ನೋಡೋಣ. 230 ವೋಲ್ಟ್‌ಗೆ 100 ವ್ಯಾಟ್ ಬಲ್ಬ್, ಉರಿಯುವಾಗ ಅದರ ಫಿಲಮೆಂಟ್ 529 ಓಮ್. ಲೂಪ್ ಹಾಳಾಗಿ 25 ಓಮ್ ಇದೆ ಅಂದುಕೊಳ್ಳಿ. ಒಟ್ಟು 554. ಕರೆಂಟ್ 0.415 ಆಂಪಿಯರ್. ಬಲ್ಬ್‌ಗೆ ಸಿಗುವುದು 219 ವೋಲ್ಟ್‌ಗೂ ಜಾಸ್ತಿ. ಝಗ್ ಅಂತಲೇ ಉರಿಯುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ ಬಲ್ಬ್ ತೆಗೆದು ಅದೇ ಜಾಗದಲ್ಲಿ ಗ್ರೈಂಡರ್ ಬಾಡಿ ಫಾಲ್ಟ್ ಇಡಿ. 230 ÷ 25 = 9.2 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಮಾಮೂಲಿ ಲೋಡ್. ಒಂದು ತಾಸಲ್ಲ, ದಿನಗಟ್ಟಲೆ ಬೀಳುವುದಿಲ್ಲ. ಆ 25 ರಲ್ಲಿ 20 ನಮ್ಮ ತಗ್ಗಿನದಾಗಿದ್ದರೆ ಬಾಡಿ ಮೇಲೆ 184 ವೋಲ್ಟ್. ನೀವು "ಅರ್ತಿಂಗ್ ಚಲೋ" ಅಂತ ಹೇಳಿ ಬಂದ ಮನೆ ಇದು. ಬಲ್ಬ್ ಹೇಳುವುದು ಅರ್ತ್ ವೈರ್ ಎಲ್ಲೋ ನೆಲ ಮುಟ್ಟಿದೆ ಅಂತ ಮಾತ್ರ. ಅದು ಕೇಳುವುದು ಅರ್ಧ ಆಂಪಿಯರ್‌ಗೂ ಕಡಿಮೆ, ಫಾಲ್ಟ್ ಕೇಳುವುದು ನೂರಾರು ಆಂಪಿಯರ್.

ಇನ್ನೊಂದು ಮಾತು. ಬಲ್ಬ್ ಹಿಡಿದಾಗ ಆ ಮನೆಯ ಅರ್ತ್ ವೈರ್ ತಗ್ಗಿನ ಕಡೆ ಬಿಟ್ಟುಹೋಗಿದ್ದರೆ, ಆ ಮನೆಯ ಎಲ್ಲ ಬಾಡಿಗೂ ಬಲ್ಬಿನ ಮೂಲಕ ಫೇಸ್ ಹೋಗುತ್ತದೆ. ಒಳಗೆ ಯಾರಾದರೂ ಫ್ರಿಜ್ ಮುಟ್ಟಿಕೊಂಡು ನಿಂತಿದ್ದರೆ? ದಯವಿಟ್ಟು ಈ ಪದ್ಧತಿ ಬಿಟ್ಟುಬಿಡಿ. ನಿಮ್ಮ ಕೆಲಸದ ಮೇಲೆ ನಂಬಿಕೆ ಇಟ್ಟು ಮಕ್ಕಳುಮರಿ ಆ ಮನೆಯಲ್ಲಿ ಇರುತ್ತಾರೆ.

ಲಕ್ಷ್ಮೇಶ್ವರ ಕಾಂಟ್ರಾಕ್ಟ್

529 ಓಮ್ ಲೆಕ್ಕ ನಾನೂ ಕಾಗದದ ಮೇಲೆ ಮಾಡಿದೆ. ಸರಿ ಇದೆ. ಆದರೆ ಆರ್‌ಸಿಸಿಬಿ ಹಾಕಿದ ಮನೆಗಳಿಂದ ಮಳೆಗಾಲದಲ್ಲಿ ಫೋನ್ ಮೇಲೆ ಫೋನ್ ಬರುತ್ತದೆ. ಕೊನೆಗೆ ಅವರೇ ಬೈಪಾಸ್ ಮಾಡಿಸುತ್ತಾರೆ. ಅದಕ್ಕೇನು ಮಾಡುವುದು?

ಗೋಕುಲ ರೋಡ್ ಮೇಂಟೆನೆನ್ಸ್

ಬಹಳ ಸಲ ತಪ್ಪು ಆರ್‌ಸಿಸಿಬಿಯದಲ್ಲ, ನ್ಯೂಟ್ರಲ್‌ನದು. ಎರಡು ಆರ್‌ಸಿಸಿಬಿ ಇದ್ದು ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಒಂದೇ ಸ್ವಿಚ್ ಬೋರ್ಡಿನಲ್ಲಿ ಬೆರೆತಿದ್ದರೆ ಎರಡೂ ಬೀಳುತ್ತವೆ. ಇಲ್ಲವೇ ಎಲ್ಲೋ ನ್ಯೂಟ್ರಲ್ ಹಸಿರು ವೈರ್‌ಗೆ ತಾಗಿರುತ್ತದೆ. ಆರ್‌ಸಿಸಿಬಿ ನೋಡುವುದು ಇಷ್ಟೇ: ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೋ ಇಲ್ಲವೋ. ಮಳೆಗಾಲದಲ್ಲೇ ಬಿದ್ದರೆ ಹೊರಗಿನ ಗೇಟ್ ಲೈಟ್, ಟೆರೇಸ್ ಪಾಯಿಂಟ್, ನೀರಿನ ಸಂಪಿನ ಮೋಟರ್ ಮೊದಲು ನೋಡಿ. ಒಂದೊಂದೇ ಸರ್ಕ್ಯೂಟ್ ಬಿಚ್ಚಿ 500 ವೋಲ್ಟ್ ಮೆಗ್ಗರ್ (ವೈರ್‌ನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದರೆ ಸೋರುವ ಜಾಗ ಅರ್ಧ ದಿನದಲ್ಲಿ ಸಿಗುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕುವ ಬದಲು ಹೊರಗಿನ ಪಾಯಿಂಟ್‌ಗಳಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿದರೆ, ಮಳೆ ಬಂದಾಗ ಗೇಟ್ ಲೈಟ್ ಮಾತ್ರ ಹೋಗುತ್ತದೆ, ಫ್ರಿಜ್ ನಡೆಯುತ್ತಿರುತ್ತದೆ. ಬೈಪಾಸ್ ಮಾಡಿಸಿ ಅನ್ನುವವರೇ ಇರುವುದಿಲ್ಲ.

ಬ್ಯಾಡಗಿ ಖಾರದ ಗಿರಣಿ

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕುಟ್ಟುವ ಗಿರಣಿ. ಮೋಟರ್ ಮುಟ್ಟಿದರೆ ಝುಂ ಅನ್ನುತ್ತಿತ್ತು. ಮಿಸ್ತ್ರಿ ಬಂದು ಬೋರ್ಡಿನಲ್ಲಿ ನ್ಯೂಟ್ರಲ್‌ನಿಂದ ಅರ್ತ್ ಪಟ್ಟಿಗೆ ಒಂದು ತುಂಡು ವೈರ್ ಹಾಕಿದ. ಝುಂ ಅನ್ನುವುದು ನಿಂತಿತು. ಅವನು ಯಾವುದೋ ಲೂಪ್ ಟೆಸ್ಟರ್ ಕೂಡ ಹಚ್ಚಿ 0.6 ಓಮ್ ತೋರಿಸಿದ. ನೀವೆಲ್ಲ ಹೇಳುವ ಲೆಕ್ಕಕ್ಕೆ ಇದು ಪಾಸ್ ಅಲ್ವಾ?

ವಿದ್ಯಾನಗರ ವೈರ್‌ಮನ್

ಕಾಕಾ, ಆ ತುಂಡು ವೈರ್ ಇವತ್ತೇ ತೆಗೆಸಿ. ಮೇನ್ ಆಫ್ ಮಾಡಿಸಿ, ಲೈಸೆನ್ಸ್ ಇದ್ದವರ ಕೈಯಿಂದಲೇ ತೆಗೆಸಿ.

0.6 ಬಂದದ್ದು ಯಾಕೆ ಅಂದರೆ, ಕರೆಂಟ್ ಈಗ ಮಣ್ಣಿಗೆ ಹೋಗುತ್ತಲೇ ಇಲ್ಲ, ಸಪ್ಲೈ ನ್ಯೂಟ್ರಲ್ ಹಿಡಿದು ಟಿಸಿಗೆ ಹೋಗುತ್ತಿದೆ. ಟೆಸ್ಟರ್‌ಗೆ ಅದು ಚಲೋ ದಾರಿಯಾಗಿಯೇ ಕಾಣುತ್ತದೆ. ಆದರೆ ಕಂಬದ ಮೇಲೆ ಗಾಳಿಗೋ, ಜಂಪರ್ ಸುಟ್ಟೋ ನ್ಯೂಟ್ರಲ್ ತುಂಡಾಯಿತು ಅನ್ನಿ. ಆಗ ನಿಮ್ಮ ಲೈಟು, ಫ್ಯಾನು, ಟಿವಿಯ ಮೂಲಕ ಬಂದ ಫೇಸ್ ಮರಳಲು ದಾರಿ ಇಲ್ಲದೆ, ಆ ತುಂಡು ವೈರ್ ದಾಟಿ ನಿಮ್ಮ ಮೋಟರ್, ಹಾಪರ್, ತೂಕದ ಮಷಿನ್, ಎಲ್ಲದರ ಬಾಡಿಗೂ ಬರುತ್ತದೆ. ಯಾವ ಮೋಟರೂ ಕೆಟ್ಟಿರುವುದಿಲ್ಲ, ಆದರೂ ಎಲ್ಲ ಬಾಡಿಯೂ ಲೈವ್. ಎಂಸಿಬಿ ಬೀಳುವುದಿಲ್ಲ, ಯಾಕೆಂದರೆ ಅದರ ಲೆಕ್ಕಕ್ಕೆ ಹರಿಯುತ್ತಿರುವುದು ಮಾಮೂಲಿ ಲೋಡ್ ಕರೆಂಟ್. ನಿಮ್ಮದರ ಜೊತೆ ಅದೇ ನ್ಯೂಟ್ರಲ್ ಮೇಲಿರುವ ಪಕ್ಕದವರ ಲೋಡ್ ಕೂಡ ನಿಮ್ಮ ಬಾಡಿಗಳ ಮೂಲಕವೇ ನೆಲ ಹುಡುಕುತ್ತದೆ.

ನ್ಯೂಟ್ರಲ್ ಮತ್ತು ಅರ್ತ್ ಒಂದೇ ತಂತಿಯಲ್ಲಿ ಬರುವ ಪದ್ಧತಿ ಇದೆ. ಆದರೆ ಅದಕ್ಕೆ ಸಪ್ಲೈ ಕೊಡುವವರು ದಾರಿಯುದ್ದಕ್ಕೂ ಆ ತಂತಿಗೆ ಅರ್ತಿಂಗ್ ಮಾಡಿ, ತುಂಡಾಗದ ಹಾಗೆ ನೋಡಿಕೊಂಡು, ಅರ್ತ್ ಟರ್ಮಿನಲ್ ಅಂತಲೇ ಕೊಡಬೇಕು. ಗಿರಣಿ ಬೋರ್ಡಿನಲ್ಲಿ ನಾವೇ ಮಾಡಿಕೊಳ್ಳುವಂಥದ್ದಲ್ಲ.

ಮೊದಲಿನ ಝುಂ ಯಾಕೆ ಬರುತ್ತಿತ್ತೋ ಅದನ್ನು ಹುಡುಕಬೇಕು. ಖಾರದ ಪುಡಿ ಟರ್ಮಿನಲ್ ಬಾಕ್ಸ್ ಒಳಗೆ ಕೂತು, ತೇವ ಹಿಡಿದು, ಅಲ್ಲಿಂದಲೇ ಸೋರುವುದು ಗಿರಣಿಗಳಲ್ಲಿ ಜಾಸ್ತಿ. ಬಾಕ್ಸ್ ಬಿಚ್ಚಿ ಒರೆಸಿ, ವೈಂಡಿಂಗ್‌ಗೆ ಮೆಗ್ಗರ್ ಹಾಕಿಸಿ. ಮೋಟರ್ ಬಾಡಿಗೆ ಎರಡು ಬೇರೆ ಬೇರೆ ಅರ್ತ್ ಪಟ್ಟಿ ಇರಬೇಕು, ಇದು ಕಾನೂನಿನಲ್ಲೇ ಇದೆ. ಒಂದು ಸಡಿಲಾದರೂ ಇನ್ನೊಂದು ಹಿಡಿದಿರುತ್ತದೆ. ಅದರ ಹಿಂದೆ ನಾಲ್ಕು ಪೋಲ್ ಆರ್‌ಸಿಸಿಬಿ.

ಶಿರಹಟ್ಟಿ ರೈತ

ನಮ್ಮ ಹೊಲ ಮಸಾರಿ ಮಣ್ಣು. ಬೋರ್‌ವೆಲ್‌ಗೆ 5 ಎಚ್‌ಪಿ ಮೋಟರ್. ಸ್ಟಾರ್ಟರ್ ಡಬ್ಬಿಗೆ ಅರ್ತ್ ಅಂತ ಪಕ್ಕದಲ್ಲೇ ಒಂದು ರಾಡ್ ಬಡಿದಿದ್ದಾರೆ. ಬೇಸಿಗೆಯಲ್ಲಿ ಬರಿಗಾಲಲ್ಲಿ ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಮಳೆ ಬಿದ್ದ ಮೇಲೆ ಏನೂ ಇಲ್ಲ. ತ್ರೀ ಫೇಸ್‌ಗೆ ಲೆಕ್ಕ 400 ವೋಲ್ಟ್‌ದಲ್ಲಿ ಮಾಡಬೇಕೋ?

ವಿದ್ಯಾನಗರ ವೈರ್‌ಮನ್

ಇಲ್ಲ ಅಣ್ಣಾ, ಒಂದು ಫೇಸ್ ಬಾಡಿಗೆ ತಾಗಿದರೆ ಅದು ಫೇಸ್‌ನಿಂದ ನೆಲಕ್ಕೆ. ಆದ್ದರಿಂದ 230.

ಮಣ್ಣಿನ ಮಾತು ಹೇಳಿದ್ದು ಚಲೋ ಆಯಿತು. ಇಡೀ ಲೆಕ್ಕದಲ್ಲಿ ದೊಡ್ಡ ಅಂಕಿ ಅದೇ. ರಾಡ್ ಅಥವಾ ಪೈಪಿನ ರೆಸಿಸ್ಟೆನ್ಸ್‌ಗೆ ಒಂದು ಸೂತ್ರ ಇದೆ: ಮಣ್ಣಿನ ರೆಸಿಸ್ಟಿವಿಟಿಯನ್ನು 2 × ಪೈ × ಉದ್ದದಿಂದ ಭಾಗಿಸಿ, (4 × ಉದ್ದ ÷ ವ್ಯಾಸ) ಇದರ ನ್ಯಾಚುರಲ್ ಲಾಗ್‌ನಿಂದ ಗುಣಿಸುವುದು. ಎರಡೂವರೆ ಮೀಟರ್ ಉದ್ದ, 40 ಮಿಲಿಮೀಟರ್ ಪೈಪ್. ಹಸಿ ಎರೆ ಮಣ್ಣಿಗೆ 20 ಓಮ್ ಮೀಟರ್ ಹಾಕಿದರೆ 7 ಓಮ್ ಬರುತ್ತದೆ. ಅದೇ ಪೈಪ್ ಒಣಗಿದ ಮಸಾರಿಯಲ್ಲಿ, 100 ಓಮ್ ಮೀಟರ್ ಹಾಕಿದರೆ 35. ಕಲ್ಲು ಮಿಶ್ರ ನೆಲದಲ್ಲಿ ಇನ್ನೂ ಮೇಲೆ.

ನಿಮ್ಮದು 35 ಇದೆ, ಟಿಸಿ ಕಡೆ 5 ಅಂದರೆ ಲೂಪ್ 40. ಫಾಲ್ಟ್ ಕರೆಂಟ್ 5.75 ಆಂಪಿಯರ್. ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಹಾಕಿದ ತಂತಿಗೆ ಅದು ಲೆಕ್ಕಕ್ಕೇ ಇಲ್ಲ. ಡಬ್ಬಿ ಮೇಲೆ 200 ವೋಲ್ಟ್. ಈಗ ಜುಮ್ಮೆನ್ನುವುದು ಸಣ್ಣ ಸೋರಿಕೆ ಅಷ್ಟೇ. ಅದು ಪೂರ್ತಿ ಫಾಲ್ಟ್ ಆಗುವ ತನಕ ಕಾಯಬೇಡಿ. ಕೇಬಲ್ ಜಾಯಿಂಟ್, ಸ್ಟಾರ್ಟರ್ ಒಳಗೆ ಇಲಿ ಕಡಿದ ವೈರ್, ಇವೆರಡನ್ನು ಮೊದಲು ನೋಡಿಸಿ. ಡಬ್ಬಿ ಮುಟ್ಟುವ ಮುಂಚೆ ಮೇಲಿನ ಸ್ವಿಚ್ ಇಳಿಸಿ. ಮನೆಯ ಮಕ್ಕಳನ್ನು ಸ್ಟಾರ್ಟರ್ ಹತ್ತಿರ ಬಿಡಬೇಡಿ.

ಸಬ್‌ಮರ್ಸಿಬಲ್ ಮೋಟರ್ ಸದಾ ನೀರಲ್ಲಿರುತ್ತದೆ, ಹಳೆಯದಾದರೆ ಸ್ವಲ್ಪ ಸೋರುತ್ತದೆ. 30 ಮಿಲಿ ಹಾಕಿದರೆ ಪದೇ ಪದೇ ಬೀಳಬಹುದು. 100 ಮಿಲಿಯ ನಾಲ್ಕು ಪೋಲ್ ಹಾಕಿ. ನಿಯಮ ಏನೆಂದರೆ, ಅರ್ತಿಂಗ್ ಓಮ್ × ಆರ್‌ಸಿಸಿಬಿ ಬೀಳುವ ಸೋರಿಕೆ ಕರೆಂಟ್ (ಆಂಪಿಯರ್‌ನಲ್ಲಿ) 50 ವೋಲ್ಟ್ ದಾಟಬಾರದು. 100 ಮಿಲಿಗೆ 500 ಓಮ್ ತನಕ ನಡೆಯುತ್ತದೆ. 300 ಮಿಲಿಗೆ 166. 30 ಮಿಲಿಗೆ 1666. ನಿಮ್ಮ 35 ಓಮ್ ರಾಡ್ ಬೇಸಿಗೆಯಲ್ಲಿ ಮೂರು ಪಟ್ಟು ಏರಿದರೂ 100 ಮಿಲಿ ಆರ್‌ಸಿಸಿಬಿ ಬೀಳುತ್ತದೆ. ಆದರೆ ಮನುಷ್ಯ ನೇರವಾಗಿ ಫೇಸ್ ಮುಟ್ಟಿದರೆ ಕಾಪಾಡಲು 30 ಮಿಲಿಯೇ ಬೇಕು, 100 ಅಲ್ಲ. ಮೋಟರ್ ಹೊಸದು, ಕೇಬಲ್ ಚಲೋ ಇದೆ ಅಂದರೆ 30 ಹಾಕಿ ನೋಡುವುದೇ ಮೇಲು.

ಬೆಟಗೇರಿ ಹೊಸಮನೆ

ಎರೆ ಮಣ್ಣಿಗೆ 7 ಓಮ್ ಅಂದಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಎರೆ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆಗ?

ವಿದ್ಯಾನಗರ ವೈರ್‌ಮನ್

ಅದೇ ಸರ್. ಎರೆ ಮಣ್ಣು ಹಸಿ ಇದ್ದಾಗ ಕರೆಂಟ್‌ಗೆ ಬಹಳ ಚಲೋ. ಒಣಗಿದಾಗ ಕುಗ್ಗಿ ಪೈಪಿನಿಂದ ದೂರ ಸರಿಯುತ್ತದೆ, ನಡುವೆ ಗಾಳಿ ಸೇರುತ್ತದೆ. ಮೇಲಿನ ಮೂರು ನಾಲ್ಕು ಅಡಿ ಕೆಲಸಕ್ಕೆ ಬಾರದಂತಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಅಳೆಸಿ ನೋಡಿ, ಒಂದೇ ತಗ್ಗಿನ ಅಂಕಿ ಎರಡೂ ಸಲ ಬೇರೆ ಇರುತ್ತದೆ. ಮೇ ತಿಂಗಳದ್ದನ್ನೇ ನಂಬಿ. ಪೈಪ್ ಆಳಕ್ಕೆ ಇಳಿದಷ್ಟೂ ಒಳ್ಳೆಯದು, ಕೆಳಗೆ ತೇವ ವರ್ಷವಿಡೀ ಇರುತ್ತದೆ. ಬಾತ್‌ರೂಮ್ ನೀರಿನ ಪೈಪ್ ಆ ಕಡೆಗೇ ಹೋಗುತ್ತಿದ್ದರೆ ತಗ್ಗನ್ನು ಅದರ ಪಕ್ಕ ಮಾಡುವುದು ಹಳಬರ ಪದ್ಧತಿ, ಅದು ಸರಿಯಾದದ್ದೇ. ಉಪ್ಪು ಮೊದಲ ವರ್ಷ ಓಮ್ ಇಳಿಸುತ್ತದೆ, ಆಮೇಲೆ ಮಳೆಗೆ ತೊಳೆದು ಹೋಗುತ್ತದೆ. ಅದರ ಜೊತೆ ಜಿಐ ಪೈಪನ್ನೂ ತಿನ್ನುತ್ತದೆ.

ಆದರೆ ಒಂದು ಮಾತು. ನೀವು ಎಷ್ಟೇ ತಗ್ಗು ತೋಡಿ 4 ರಿಂದ 1 ಕ್ಕೆ ಇಳಿಸಿದರೂ ಟಿಸಿಯ ಅರ್ತಿಂಗ್ ನಿಮ್ಮ ಕೈಯಲ್ಲಿಲ್ಲ. ಆ 5 ಉಳಿದೇ ಉಳಿಯುತ್ತದೆ, ಲೂಪ್ 7 ರ ಹತ್ತಿರ ನಿಲ್ಲುತ್ತದೆ. ಸಿ 16 ಕೇಳುವ 1.44 ಕ್ಕೆ ಬರುವುದಿಲ್ಲ. ತಗ್ಗಿಗೆ ಇನ್ನೂ ದುಡ್ಡು ಸುರಿಯುವ ಬದಲು ಆ ದುಡ್ಡನ್ನು ಆರ್‌ಸಿಸಿಬಿಗೆ ಹಾಕಿ.

ರಾಣೆಬೆನ್ನೂರು ಬ್ಯಾಟರಿ ಅಂಗಡಿ

ಇನ್ವರ್ಟರ್ ಮಾತು ಯಾರೂ ಎತ್ತಲಿಲ್ಲ. ಕರೆಂಟ್ ಹೋದಾಗ ಮನೆ ನಡೆಯುವುದು ಇನ್ವರ್ಟರ್ ಮೇಲೆ. 900 ವಿಎ ಇನ್ವರ್ಟರ್ ಕೊಡುವುದೇ 4 ಆಂಪಿಯರ್. ಅದಕ್ಕಿಂತ ಸ್ವಲ್ಪ ಜಾಸ್ತಿ ಕೇಳಿದರೆ ಓವರ್‌ಲೋಡ್ ಅಂತ ಕೂಗಿ ನಿಲ್ಲುತ್ತದೆ. 6 ಆಂಪಿಯರ್ ಎಂಸಿಬಿಯ ಕಾಯಿಲ್ ಎಳೆಯಲು 60 ಆಂಪಿಯರ್ ಎಲ್ಲಿಂದ ಬರಬೇಕು? ಲೂಪ್ ಅರ್ಧ ಓಮ್ ಇದ್ದರೂ ಬೀಳುವುದಿಲ್ಲ. ಮೇನ್‌ನಲ್ಲಿ ಹಾಕಿದ ಆರ್‌ಸಿಸಿಬಿ ಇನ್ವರ್ಟರ್‌ಗಿಂತ ಹಿಂದೆ ಇರುವುದರಿಂದ ಆಗ ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಇನ್ವರ್ಟರ್ ಔಟ್‌ಪುಟ್ ಮೇಲೆ ಇನ್ನೊಂದು 30 ಮಿಲಿ ಆರ್‌ಸಿಸಿಬಿ ಹಾಕಿ. ಇನ್ವರ್ಟರ್ ಸರ್ಕ್ಯೂಟ್‌ಗಳ ನ್ಯೂಟ್ರಲ್ ಬೇರೆ ಎಳೆಸಿ, ಮೇನ್ ನ್ಯೂಟ್ರಲ್ ಪಟ್ಟಿಗೆ ಸಿಕ್ಕಿಸಬೇಡಿ. ನಾವು ಹೋಗಿ ನೋಡುವ ಮನೆಗಳಲ್ಲಿ ಇನ್ವರ್ಟರ್ ಹಾಕಿದ ದಿನದಿಂದಲೇ ಆರ್‌ಸಿಸಿಬಿ ಬೀಳಲು ಶುರುವಾಗಿದ್ದರೆ ಕಾರಣ ಇದೇ. ಗಾರೆ ಆಗುವ ಮುಂಚೆಯಾದರೆ ಒಂದು ವೈರ್ ಎಳೆಯುವ ಕೆಲಸ, ಆಮೇಲಾದರೆ ಗೋಡೆ ಒಡೆಯಬೇಕು.

ಬೆಟಗೇರಿ ಹೊಸಮನೆ

ವೈರಿಂಗ್‌ನವರನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿದೆ. 1.45 ಪಟ್ಟಿಗೆ ಒಂದು ತಾಸು ಅನ್ನುವುದನ್ನು ಎಂಸಿಬಿ ಕಂಪನಿಯ ಕ್ಯಾಟಲಾಗ್‌ನಲ್ಲಿ ಅವರೇ ತೆಗೆದು ನೋಡಿ ಒಪ್ಪಿದರು. ಈಗ ಮನೆಯೊಳಗಿನದ್ದಕ್ಕೆ ಎರಡು 30 ಮಿಲಿ ಆರ್‌ಸಿಸಿಬಿ, ಗೇಟ್ ಮತ್ತು ಸಂಪಿನ ಮೋಟರ್‌ಗೆ ಬೇರೆ ಆರ್‌ಸಿಬಿಒ, ಇನ್ವರ್ಟರ್ ಮೇಲೆ ಒಂದು, ನ್ಯೂಟ್ರಲ್‌ಗಳು ಬೇರೆ ಬೇರೆ ಅಂತ ಆಗಿದೆ. ಒಂದು ಸಂಶಯ ಉಳಿಯಿತು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದರೆ ಬಿತ್ತು. ಅಲ್ಲಿಗೆ ಅರ್ತಿಂಗ್ ಕೂಡ ಪರೀಕ್ಷೆ ಆದ ಹಾಗೆಯೇ?

ವಿದ್ಯಾನಗರ ವೈರ್‌ಮನ್

ಆಗಲಿಲ್ಲ ಸರ್. ಆ ಬಟನ್ ಒಳಗೇ ಒಂದು ರೆಸಿಸ್ಟರ್ ಮೂಲಕ ಸ್ವಲ್ಪ ಕರೆಂಟನ್ನು ಅಡ್ಡದಾರಿಯಲ್ಲಿ ಹರಿಸಿ, ಯಂತ್ರ ಬೀಳುತ್ತದೋ ಇಲ್ಲವೋ ಅಂತ ಮಾತ್ರ ನೋಡುತ್ತದೆ. ಹಸಿರು ವೈರ್ ಕಿತ್ತು ಹೊರಗೆ ಇಟ್ಟರೂ ಬಟನ್‌ಗೆ ಅದು ಬಿದ್ದೇ ಬೀಳುತ್ತದೆ. ಬಟನ್ ತಿಂಗಳಿಗೊಮ್ಮೆ ಒತ್ತಿ, ಅದು ಬೇರೆ ಕಾರಣಕ್ಕೆ. ಒತ್ತದೆ ಬಿಟ್ಟರೆ ಒಳಗಿನ ಭಾಗ ಜಾಮ್ ಆಗಬಹುದು.

ಅರ್ತಿಂಗ್ ನೋಡಲು ಮೊದಲು ಸಪ್ಲೈ ಪೂರ್ತಿ ಆಫ್ ಮಾಡಿ, ಪ್ರತಿ ಪ್ಲಗ್‌ನ ದೊಡ್ಡ ಪಿನ್‌ನಿಂದ ಬೋರ್ಡಿನ ಅರ್ತ್ ಪಟ್ಟಿಗೆ ಕಂಟಿನ್ಯುಟಿ ನೋಡಿಸಿ. 22 ಮೀಟರ್ 1.5 ವೈರ್ ಆದರೆ 0.27 ಓಮ್ ಆಸುಪಾಸು ಬರಬೇಕು. 3 ಓಮ್ ಬಂತು ಅಂದರೆ ಎಲ್ಲೋ ಸ್ಕ್ರೂ ಸಡಿಲು. ಆಮೇಲೆ ಸಪ್ಲೈ ಕೊಟ್ಟು ಲೂಪ್ ಟೆಸ್ಟರ್. ಮಾಮೂಲಿ ಲೂಪ್ ಟೆಸ್ಟ್ ಆಂಪಿಯರ್‌ಗಟ್ಟಲೆ ಕರೆಂಟನ್ನು ಅರ್ತ್‌ಗೆ ಬಿಡುತ್ತದೆ, ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಟೆಸ್ಟರ್‌ನಲ್ಲಿ ನೋ ಟ್ರಿಪ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, 15 ಮಿಲಿಗಿಂತ ಕಡಿಮೆ ಕರೆಂಟ್‌ನಲ್ಲಿ ಅಳೆಯುತ್ತದೆ, ಅದರಲ್ಲೇ ಇಡಿಸಿ. ಎಲ್ಲ ಪ್ಲಗ್‌ನಲ್ಲೂ 9, 10 ಓಮ್ ಆಸುಪಾಸು ಬಂದರೆ ನಿಮ್ಮ ತಗ್ಗು, ಟಿಸಿ, ಮಣ್ಣು ಸೇರಿ ಬರಬೇಕಾದದ್ದೇ ಬಂತು. ಒಂದೇ ಪ್ಲಗ್‌ನಲ್ಲಿ 40 ತೋರಿಸಿದರೆ ಆ ಪ್ಲಗ್ ಬಿಚ್ಚಿಸಿ. ಯಾವುದೋ ಒಂದರಲ್ಲಿ 0.5 ಅಂತ ಬಂದರೆ ಖುಷಿ ಪಡಬೇಡಿ. ಅಲ್ಲಿ ನ್ಯೂಟ್ರಲ್ ಮತ್ತು ಹಸಿರು ವೈರ್ ಕೂಡಿಕೊಂಡಿವೆ, ಗಾರೆಗೆ ಮುಂಚೆ ಅದನ್ನು ಹುಡುಕಿ ಬಿಡಿಸಿ.

ಮೊದಲ ಅಂಕಿಗಳನ್ನು ಬೋರ್ಡಿನ ಬಾಗಿಲ ಒಳಗೆ ತಾರೀಖು ಹಾಕಿ ಬರೆದು ಅಂಟಿಸಿ. ಮುಂದಿನ ಮೇ ತಿಂಗಳಲ್ಲಿ ಅಳೆದಾಗ ಹೋಲಿಸಿ ನೋಡಲು ಬೇಕಾಗುತ್ತದೆ.